ಔಷಧಿ ಯಾವುದು, ವಿಷ ಯಾವುದು? ಡಬ್ಬಿಯ ಮೇಲಿನ ಮಾತುಗಳನ್ನು ಓದುವ ಬಗೆ

(ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳ ಹಾಲು ಉತ್ಪಾದಕರ ಸಹಕಾರ ಸಂಘಗಳ ಕಾರ್ಯದರ್ಶಿಗಳು, ಹಾಲು ಪರೀಕ್ಷಕರು ಹಾಗೂ ಸದಸ್ಯರ ತರಬೇತಿ ಶಿಬಿರದಲ್ಲಿ ಪಶುವೈದ್ಯರೊಬ್ಬರು ಮಾಡಿದ ಭಾಷಣ. ಶಿಬಿರಕ್ಕೆ ಬರಲಾಗದ ಸದಸ್ಯರ ಅನುಕೂಲಕ್ಕಾಗಿ ಇಲ್ಲಿ ಅಚ್ಚು ಮಾಡಿದೆ.)



ನಾವು ಇಂದು ಸೇರಿರುವ ಊರಿನ ಹೆಸರಿನಲ್ಲೇ ವಿಷವಿದೆ. ನಂಜು ಎಂದರೆ ವಿಷ. ನಂಜನ್ನು ಉಂಡವನು ನಂಜುಂಡ. ಅದೇ ಸ್ವಾಮಿಗೆ ಹಕೀಮ ನಂಜುಂಡ ಎಂಬ ಹೆಸರೂ ಉಂಟು. ಟಿಪ್ಪು ಸುಲ್ತಾನನ ಆನೆಯ ಕಣ್ಣು ವಾಸಿಯಾದಾಗ ಆತ ಹಾಗೆ ಕರೆದನೆಂದು ನೀವೆಲ್ಲ ಹಿರಿಯರಿಂದ ಕೇಳಿದ್ದೀರಿ. ಹೀಗೆ ವಿಷದ ಹೆಸರೂ ವೈದ್ಯನ ಹೆಸರೂ ಒಂದೇ ಕಡೆ ಸೇರಿರುವುದು ದೇವಸ್ಥಾನದಲ್ಲಿ ಸರಿ. ನಮ್ಮ ಕೊಟ್ಟಿಗೆಯಲ್ಲಿ ಮಾತ್ರ ಅವೆರಡೂ ಬೇರೆ ಬೇರೆ ಇರಬೇಕು. ಇದನ್ನು ಹೇಳಬೇಕೆಂದೇ ನಾನು ಬಂದಿದ್ದೇನೆ.

ಮೊದಲಿಗೆ ನಾನೇ ಮಾಡಿದ ಒಂದು ತಪ್ಪನ್ನು ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದಿನ ಮಾತು. ತಿ. ನರಸೀಪುರದ ಕಡೆಯ ಒಂದು ಹಳ್ಳಿಯಿಂದ ಸಂಜೆ ಫೋನು ಬಂತು. "ಸಾರ್, ಹಸು ಔಷಧಿ ಕುಡಿದುಬಿಟ್ಟಿದೆ, ಜೊಲ್ಲು ಸುರಿಸ್ತಾ ಇದೆ" ಎಂದರು. ಹಿಂದಿನ ವಾರವಷ್ಟೇ ಆ ಊರಿನಲ್ಲಿ ಜಂತುಹುಳುವಿನ ಔಷಧಿ ಹಂಚಿದ್ದೆ. ಅದನ್ನೇ ಸ್ವಲ್ಪ ಹೆಚ್ಚಾಗಿ ಕುಡಿಸಿರಬೇಕೆಂದುಕೊಂಡೆ. "ಗಾಬರಿಯಾಗಬೇಡಿ, ನೆರಳಿನಲ್ಲಿ ಕಟ್ಟಿ, ಇಲ್ಲೊಂದು ಕರು ಹಾಕಿಸುವ ಕೆಲಸ ಇದೆ, ಮುಗಿಸಿ ಬರುತ್ತೇನೆ" ಎಂದೆ. ಒಂದೂವರೆ ಗಂಟೆ ಕಳೆದು ಹೋದಾಗ ಹಸು ಮಲಗಿಬಿಟ್ಟಿತ್ತು. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿತ್ತು, ಮೈ ನಡುಗುತ್ತಿತ್ತು, ಉಸಿರಿನಲ್ಲಿ ಗೊರಗೊರ ಶಬ್ದ. ಅದು ಕುಡಿದದ್ದು ಭತ್ತಕ್ಕೆ ಸಿಂಪಡಿಸಲು ಬಕೆಟ್ಟಿನಲ್ಲಿ ಕಲಸಿಟ್ಟಿದ್ದ ಕೀಟನಾಶಕವನ್ನು. ಯಾವ ಕೀಟನಾಶಕ ಎಂದು ಕೇಳಿದರೆ ಡಬ್ಬಿ ತಂದು ತೋರಿಸಿದರು. ಚೀಟಿ ನೀರಿನಲ್ಲಿ ನೆನೆದು ಕಿತ್ತುಹೋಗಿತ್ತು. ನನ್ನ ಚೀಲದಲ್ಲಿದ್ದ ಪ್ರತಿವಿಷ ಒಂದು ನಾಯಿಗೆ ಸಾಕು, ಹಸುವಿಗೆ ಸಾಲದು. ಆ ರಾತ್ರಿ ಹಸು ಹೋಯಿತು. ಆ ಮನೆಯ ಸಂಘದ ಪಾಸ್ ಪುಸ್ತಕ ನಡೆಯುತ್ತಿದ್ದದ್ದೇ ಆ ಒಂದು ಹಸುವಿನಿಂದ.

ಅವರು ನನ್ನನ್ನು ಬೈಯಲಿಲ್ಲ. ಆದರೆ "ಯಾವ ಔಷಧಿ?" ಎಂಬ ಒಂದು ಪ್ರಶ್ನೆಯನ್ನು ನಾನು ಕೇಳಿದ್ದರೆ ಆಸ್ಪತ್ರೆಯಿಂದ ಬೇಕಾದಷ್ಟು ಅಟ್ರೋಪಿನ್ ತೆಗೆದುಕೊಂಡು ಆಗಲೇ ಹೊರಡುತ್ತಿದ್ದೆ. ಅವರ ಬಾಯಲ್ಲಿ ಔಷಧಿ ಎಂದರೆ ಕೀಟನಾಶಕ. ನನ್ನ ಕಿವಿಯಲ್ಲಿ ಔಷಧಿ ಎಂದರೆ ಔಷಧಿ.

ಮದ್ದು ಎಂಬ ಹಳೆಯ ಮಾತು

ಈ ಗೊಂದಲ ಹೊಸದಲ್ಲ. ನಮ್ಮ ಮದ್ದು ಎಂಬ ಮಾತನ್ನೇ ನೋಡಿ. ಕೆಮ್ಮಿಗೆ ಕೊಡುವುದೂ ಮದ್ದು, ಕೋವಿಗೆ ತುಂಬುವುದೂ ಮದ್ದು, ಯಾರಿಗೋ ಆಗದವರು ಊಟದಲ್ಲಿ ಇಟ್ಟರೆಂಬುದೂ ಮದ್ದು. ಹಾಗೆಯೇ ಇಂದು ಗದ್ದೆಗೆ 'ಔಷಧಿ ಹೊಡೆಯುತ್ತೇವೆ', ಅಂಗಡಿಯನ್ನು 'ಔಷಧಿ ಅಂಗಡಿ' ಎನ್ನುತ್ತೇವೆ. ಬೆಳೆಯ ರೋಗಕ್ಕೆ ಅದು ಔಷಧಿಯೇ ಇರಬಹುದು. ಆದರೆ ಮನೆಯ ಮಗು ಆ ಮಾತನ್ನು ಕೇಳಿ ಏನೆಂದು ತಿಳಿದೀತು? ಕೆಮ್ಮಿನ ಔಷಧಿಯ ಪಕ್ಕದಲ್ಲಿ ಇಡಬಹುದಾದ್ದೆಂದು ತಿಳಿದೀತು.

ಕಾನೂನು ಇದನ್ನು ಔಷಧಿ ಎಂದು ಕರೆಯುವುದಿಲ್ಲ. 1968ರ ಕೀಟನಾಶಕಗಳ ಕಾಯಿದೆಯ ಪ್ರಕಾರ ಹುಳು ಕೊಲ್ಲುವುದು, ಕಳೆ ಸುಡುವುದು, ಬೂಷ್ಟು ತಡೆಯುವುದು ಎಲ್ಲವೂ ಕೀಟನಾಶಕವೇ. ಆ ಕಾಯಿದೆ ಬಂದ ಕಾರಣವನ್ನೂ ತಿಳಿದಿರಿ. 1958ರಲ್ಲಿ ಕೇರಳದಲ್ಲಿ ಪ್ಯಾರಾಥಿಯಾನ್ ಎಂಬ ಕೀಟನಾಶಕ ಸಾಗಣೆಯಲ್ಲಿ ಸೋರಿ ಗೋಧಿ ಹಿಟ್ಟಿಗೆ ಸೇರಿತು. ಅದನ್ನು ತಿಂದು ನೂರಕ್ಕೂ ಹೆಚ್ಚು ಜನ ಸತ್ತರು. ವಿಷವನ್ನೂ ಆಹಾರವನ್ನೂ ಒಟ್ಟಿಗೆ ಇಡಬಾರದೆಂಬ ಪಾಠದಿಂದ ಹುಟ್ಟಿದ ಕಾನೂನು ಇದು. ಬೂಸಾ ಚೀಲದ ಮೇಲೆ ಕೀಟನಾಶಕದ ಡಬ್ಬಿ ಇಡುವಾಗ ಇದು ನೆನಪಿರಲಿ.

ನಾಲ್ಕು ಬಣ್ಣ, ಮೂರು ಮಾತು

ಕಾಯಿದೆಗೆ 1971ರಲ್ಲಿ ನಿಯಮಗಳಾದವು. ಅದರಂತೆ ಪ್ರತಿ ಡಬ್ಬಿಯ ಚೀಟಿಯ ಮೇಲೆ ಮೂಲೆಯ ಮೇಲೆ ನಿಲ್ಲಿಸಿದ ಚೌಕವೊಂದು ಇರಬೇಕು. ಅದು ಎರಡು ತ್ರಿಕೋನಗಳಾಗಿ ಭಾಗವಾಗಿರುತ್ತದೆ. ಕೆಳಗಿನ ತ್ರಿಕೋನದಲ್ಲಿ ಬಣ್ಣ, ಮೇಲಿನದರಲ್ಲಿ ಎಚ್ಚರಿಕೆಯ ಮಾತು.

ಕೆಂಪು: ಅತ್ಯಂತ ವಿಷಕಾರಿ. ಮೇಲೆ ತಲೆಬುರುಡೆ, ಅಡ್ಡ ಎಲುಬುಗಳು ಮತ್ತು 'ವಿಷ' ಎಂಬ ಮಾತು.
ಹಳದಿ: ಹೆಚ್ಚು ವಿಷಕಾರಿ. ಇಲ್ಲಿಯೂ 'ವಿಷ' ಎಂದೇ ಇರುತ್ತದೆ, ಬುರುಡೆ ಇರುವುದಿಲ್ಲ.
ನೀಲಿ: ಸಾಧಾರಣ ವಿಷಕಾರಿ. 'ಅಪಾಯ' ಎಂಬ ಮಾತು.
ಹಸಿರು: ಅಲ್ಪ ವಿಷಕಾರಿ. 'ಎಚ್ಚರಿಕೆ' ಎಂಬ ಮಾತು.

ಹಸಿರು ತ್ರಿಕೋನ ಕಂಡರೆ ರಸ್ತೆಯ ಹಸಿರು ದೀಪದಂತೆ, ಏನೂ ಆಗುವುದಿಲ್ಲ ಎಂದು ಬಹಳ ಮಂದಿ ತಿಳಿದಿದ್ದಾರೆ. ಹಾಗಲ್ಲ. ಹಸಿರು ಎಂದರೂ ವಿಷವೇ, ಸಾಯಿಸಲು ಹೆಚ್ಚು ಪ್ರಮಾಣ ಬೇಕು ಎಂದಷ್ಟೇ ಅರ್ಥ.

ಈ ಬಣ್ಣ ಹೇಗೆ ಗೊತ್ತಾಗುತ್ತದೆ? ಎಲ್.ಡಿ. 50 ಎಂಬ ಒಂದು ಅಳತೆಯಿಂದ. ಪರೀಕ್ಷೆಗೆ ಇಟ್ಟ ಇಲಿಗಳಲ್ಲಿ ಅರ್ಧದಷ್ಟು ಸಾಯಲು ಮೈತೂಕದ ಒಂದು ಕಿಲೋಗೆ ಎಷ್ಟು ಮಿಲಿಗ್ರಾಂ ಬೇಕೋ ಅದೇ ಎಲ್.ಡಿ. 50. ಅಂಕಿ ಚಿಕ್ಕದಾದಷ್ಟೂ ವಿಷ ದೊಡ್ಡದು. ಹೊಟ್ಟೆಗೆ ಹೋಗುವ ಲೆಕ್ಕದಲ್ಲಿ 50ರವರೆಗೆ ಕೆಂಪು, 51ರಿಂದ 500ರವರೆಗೆ ಹಳದಿ, 501ರಿಂದ 5,000ದವರೆಗೆ ನೀಲಿ, ಅದಕ್ಕೂ ಮೇಲೆ ಹಸಿರು. ಚರ್ಮದ ಮೂಲಕ ಹೋಗುವುದಕ್ಕೆ ಬೇರೆಯೇ ಲೆಕ್ಕವಿದೆ. ಅಂದರೆ ಕುಡಿಯದಿದ್ದರೂ, ಮೈಮೇಲೆ ಚೆಲ್ಲಿಕೊಂಡರೂ ವಿಷ ಒಳಗೆ ಹೋಗುತ್ತದೆಂದು ಕಾನೂನೇ ಒಪ್ಪಿದೆ.

25 ಕಿಲೋ ತೂಗುವ ಕರುವಿನ ಲೆಕ್ಕ ಹಾಕಿ ನೋಡೋಣ. ಕೆಂಪು ತ್ರಿಕೋನದ ಮೇಲಿನ ಮಿತಿಯಾದ 50 ಮಿಲಿಗ್ರಾಂ ಹಿಡಿದರೂ ಒಟ್ಟು 1,250 ಮಿಲಿಗ್ರಾಂ, ಅಂದರೆ ಒಂದೂಕಾಲು ಗ್ರಾಂ. ಟೀ ಚಮಚದ ಕಾಲು ಭಾಗ. ಇಲಿಯ ಲೆಕ್ಕ ಕರುವಿಗೆ ಹಾಗೆಹಾಗೇ ಹೊಂದುವುದಿಲ್ಲ, ಎಳೆಗರು ಇನ್ನೂ ಬೇಗ ಬೀಳಬಹುದು. ಡಬ್ಬಿಯ ಮುಚ್ಚಳಕ್ಕೆ ಅಂಟಿರುವುದೇ ಅಷ್ಟು ಇರುತ್ತದೆ.

ಒಂದೇ ಮಾತು, ಎರಡು ದರ್ಜೆ

ಕೀಟನಾಶಕದ ಡಬ್ಬಿಯಲ್ಲಿ 'ಅಪಾಯ' ಅಥವಾ ಇಂಗ್ಲಿಷಿನ ಡೇಂಜರ್ ಎಂದರೆ ಮೂರನೇ ದರ್ಜೆ ಎಂದು ಈಗ ತಿಳಿಯಿತು. ಆದರೆ ಅದೇ ಡೇಂಜರ್ ಎಂಬ ಮಾತು ನಿಮ್ಮ ಸಂಘದ ಆಮ್ಲದ ಬಾಟಲಿಯ ಮೇಲೂ ಇರುತ್ತದೆ. ಅಲ್ಲಿ ಅದು ಮೂರನೇ ದರ್ಜೆಯಲ್ಲ, ಮೊದಲನೇ ದರ್ಜೆ! ಕಾರಣವೇನೆಂದರೆ, ರಾಸಾಯನಿಕಗಳಿಗೆ ವಿಶ್ವಸಂಸ್ಥೆ 2003ರಲ್ಲಿ ಪ್ರಕಟಿಸಿದ ಬೇರೊಂದು ಪದ್ಧತಿ ಇದೆ. ಅದರಲ್ಲಿ ಎಚ್ಚರಿಕೆಯ ಮಾತುಗಳು ಎರಡೇ. ಹೆಚ್ಚಿನದಕ್ಕೆ ಡೇಂಜರ್, ಕಡಿಮೆಯದಕ್ಕೆ ವಾರ್ನಿಂಗ್. ಜೊತೆಗೆ ಕೆಂಪು ಅಂಚಿನ ಚೌಕದಲ್ಲಿ ಚಿತ್ರ. ಆದ್ದರಿಂದ ಬರೀ ಮಾತನ್ನು ಓದಿ ನಿರ್ಧಾರ ಮಾಡಬೇಡಿ. ಅದು ಯಾವ ಪದ್ಧತಿಯ ಚೀಟಿ ಎಂದು ನೋಡಿ. ಬಣ್ಣದ ತ್ರಿಕೋನವಿದ್ದರೆ ಕೀಟನಾಶಕದ ಪದ್ಧತಿ, ಕೆಂಪು ಅಂಚಿನ ಚಿತ್ರವಿದ್ದರೆ ರಾಸಾಯನಿಕದ ಪದ್ಧತಿ.

ಆಮ್ಲದ ವಿಷಯ ಬಂದದ್ದರಿಂದ ಹಾಲು ಪರೀಕ್ಷಕರಿಗೆ ಎರಡು ಮಾತು. ಗರ್ಬರ್ ಪರೀಕ್ಷೆಯಲ್ಲಿ ಜಿಡ್ಡು ನೋಡಲು ನಾವು ಬಳಸುವ ಗಂಧಕಾಮ್ಲ ಶೇಕಡ 90ರಷ್ಟು ಪ್ರಬಲ. ಅದರ ಬಾಟಲಿಯ ಚಿತ್ರದಲ್ಲಿ ದ್ರವ ಬಿದ್ದು ಕೈ ಕರಗುತ್ತಿರುವುದನ್ನು ಕಾಣುತ್ತೀರಿ. ಇದಕ್ಕೆ ಕರೋಸಿವ್ ಎನ್ನುತ್ತಾರೆ, ಅಂದರೆ ಮುಟ್ಟಿದ್ದನ್ನು ಸುಟ್ಟು ಕೊರೆಯುವಂಥದ್ದು. ವಿಷಕ್ಕೂ ಇದಕ್ಕೂ ವ್ಯತ್ಯಾಸ ತಿಳಿದಿರಬೇಕು. ವಿಷ ರಕ್ತಕ್ಕೆ ಸೇರಿ ಕೊಲ್ಲುತ್ತದೆ. ಇದು ಮುಟ್ಟಿದ ಜಾಗದಲ್ಲೇ ಸುಡುತ್ತದೆ. ಆಮ್ಲ ಕುಡಿದವರಿಗೆ ವಾಂತಿ ಮಾಡಿಸಬಾರದು. ಇಳಿಯುವಾಗ ಒಮ್ಮೆ ಸುಟ್ಟದ್ದು ಹತ್ತುವಾಗ ಮತ್ತೊಮ್ಮೆ ಸುಡುತ್ತದೆ. ಮೈಮೇಲೆ, ಕಣ್ಣಿಗೆ ಸಿಡಿದರೆ ಬೆಣ್ಣೆ, ಸುಣ್ಣ ಹಚ್ಚದೆ ಹರಿಯುವ ನೀರಿನಲ್ಲಿ ಕಾಲು ಗಂಟೆಗೆ ಕಡಿಮೆಯಿಲ್ಲದಂತೆ ತೊಳೆದು ಆಸ್ಪತ್ರೆಗೆ ಹೋಗತಕ್ಕದ್ದು. ಆಮ್ಲವನ್ನು ತಂಪು ಪಾನೀಯದ ಬಾಟಲಿಗೆ ಬಗ್ಗಿಸಿ ಇಡುವ ಪದ್ಧತಿ ಎಲ್ಲಾದರೂ ಇದ್ದರೆ ಇಂದೇ ನಿಲ್ಲಿಸಿ.

ಹಾಯುವ ಹೋರಿ

ಅಧಿಕಾರಿಗಳು ಹಜಾರ್ಡ್ ಎನ್ನುತ್ತಾರೆ, ರಿಸ್ಕ್ ಎನ್ನುತ್ತಾರೆ. ಕನ್ನಡದಲ್ಲಿ ಎರಡಕ್ಕೂ ಅಪಾಯ ಎಂದುಬಿಡುತ್ತೇವೆ. ವ್ಯತ್ಯಾಸ ತಿಳಿಯಲು ಹಾಯುವ ಹೋರಿಯನ್ನು ನೆನೆಸಿಕೊಳ್ಳಿ. ಹಾಯುವ ಗುಣ ಹೋರಿಯದು, ಅದು ಹಜಾರ್ಡ್. ಗೂಟಕ್ಕೆ ಬಿಗಿದು ಕಟ್ಟಿದ್ದರೂ ಆ ಗುಣ ಹೋಗುವುದಿಲ್ಲ. ಆದರೆ ಯಾರಿಗಾದರೂ ಹಾಯುವ ಸಂಭವ ಕಡಿಮೆಯಾಗುತ್ತದೆ. ಆ ಸಂಭವವೇ ರಿಸ್ಕ್. ಅದೇ ಹೋರಿಯನ್ನು ಸಂತೆಯಲ್ಲಿ ಬಿಟ್ಟರೆ ಗುಣ ಅಷ್ಟೇ, ಸಂಭವ ನೂರು ಪಾಲು. ಡಬ್ಬಿಯ ಮೇಲಿನ ತ್ರಿಕೋನ ಗುಣವನ್ನು ಮಾತ್ರ ಹೇಳುತ್ತದೆ. ಸಂಭವ ಎಷ್ಟು ಎಂಬುದು ನೀವು ಡಬ್ಬಿಯನ್ನು ಎಲ್ಲಿಡುತ್ತೀರಿ, ಪಂಪನ್ನು ಯಾವ ಕಾಲುವೆಯಲ್ಲಿ ತೊಳೆಯುತ್ತೀರಿ, ಬದುವಿನ ಹುಲ್ಲನ್ನು ಸಿಂಪಡಿಸಿದ ಎಷ್ಟು ದಿನಕ್ಕೆ ಕೊಯ್ಯುತ್ತೀರಿ ಎಂಬುದರ ಮೇಲಿದೆ.

ಬಣ್ಣ ಹೇಳದೆ ಇರುವ ಸಂಗತಿ

ತ್ರಿಕೋನ ಹೇಳುವುದು ಒಂದೇ ಬಾರಿಗೆ ಒಳಗೆ ಹೋದರೆ ಏನಾಗುತ್ತದೆ ಎಂಬುದನ್ನು. ಇದಕ್ಕೆ ತೀವ್ರ ವಿಷತ್ವ ಎನ್ನುತ್ತಾರೆ. ದಿನವೂ ಸ್ವಲ್ಪಸ್ವಲ್ಪ ಸೇರಿ ವರ್ಷಗಳ ಮೇಲೆ ತೋರುವುದಕ್ಕೆ ದೀರ್ಘಕಾಲಿಕ ವಿಷತ್ವ ಎಂದು ಹೆಸರು. ಅದಕ್ಕೆ ತ್ರಿಕೋನದಲ್ಲಿ ಬಣ್ಣವಿಲ್ಲ.

ಎಂಡೋಸಲ್ಫಾನ್ ಹೆಸರು ನೀವೆಲ್ಲ ಕೇಳಿದ್ದೀರಿ. ಕಾಸರಗೋಡು ಜಿಲ್ಲೆಯ ಗೇರು ತೋಟಗಳಿಗೆ 1970ರ ದಶಕದ ಕೊನೆಯಿಂದ 2000ದವರೆಗೆ ಅದನ್ನು ಹೆಲಿಕಾಪ್ಟರಿನಿಂದ ಸಿಂಪಡಿಸಿದರು. ನಮ್ಮ ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ, ಪಟ್ರಮೆ ಕಡೆಯ ಗೇರು ತೋಟಗಳಲ್ಲಿಯೂ ಸಿಂಪಡಿಸಿದರು. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಅದು 'ಸಾಧಾರಣ ಅಪಾಯಕಾರಿ' ಎಂಬ ಎರಡನೇ ದರ್ಜೆಯಲ್ಲಿತ್ತು. ಸಾಧಾರಣ ಎಂಬ ಮಾತನ್ನು ಗಮನಿಸಿ. ಹೈನುಗಾರರಾದ ನಾವು ಮರೆಯಬಾರದ ಸಂಗತಿಯೆಂದರೆ, ಅಲ್ಲಿ ಮೊದಲು ಕಂಡದ್ದು ಕರುಗಳ ಮೇಲಿನ ಪರಿಣಾಮ. ಕಾಲು ಸೊಟ್ಟಗಾದ, ಬೆಳೆಯದ ಕರುಗಳು ಹುಟ್ಟುತ್ತಿವೆಯೆಂದು ಪಡ್ರೆ ಗ್ರಾಮದ ಪತ್ರಕರ್ತ ಶ್ರೀಪಡ್ರೆಯವರು ಬರೆದರು. ಮನುಷ್ಯರ ಕಾಯಿಲೆಗಳತ್ತ ಊರಿನ ವೈದ್ಯರಾದ ಡಾ. ವೈ.ಎಸ್. ಮೋಹನ ಕುಮಾರ್ ಅವರು ಗಮನ ಸೆಳೆದದ್ದು ಆಮೇಲೆ. ಕಾರಣ ಅದೇ ಹೌದೋ ಅಲ್ಲವೋ ಎಂದು ವರ್ಷಗಟ್ಟಲೆ ವಾದ ನಡೆಯಿತು. ಕೊನೆಗೆ 2011ರ ಮೇ 13ರಂದು ಸುಪ್ರೀಂ ಕೋರ್ಟು ದೇಶದಲ್ಲೆಲ್ಲ ಅದನ್ನು ತಡೆಯಿತು. ಕೊಟ್ಟಿಗೆಯಲ್ಲಿ ಏನಾದರೂ ವಿಚಿತ್ರ ಕಂಡರೆ ಹಣೆಬರಹವೆಂದು ಸುಮ್ಮನಾಗದೆ ವೈದ್ಯರಿಗೆ ತಿಳಿಸಬೇಕಾದದ್ದು ಇದಕ್ಕಾಗಿ.

ಹಾಲಿಗೆ ಬರುವ ಉಳಿಕೆ

ಉಳಿಕೆ, ಶೇಷಾಂಶ ಎಂಬ ಮಾತು ಈಗ ಒಕ್ಕೂಟದ ಸಭೆಗಳಲ್ಲಿ ಹೆಚ್ಚಾಗಿ ಕೇಳುತ್ತದೆ. ಮೇವು, ನೀರು, ಚುಚ್ಚುಮದ್ದುಗಳ ಮೂಲಕ ಒಳಗೆ ಹೋದದ್ದು ಹಾಲಿನಲ್ಲಿ ಎಷ್ಟು ಉಳಿದಿದೆ ಎಂಬುದೇ ಉಳಿಕೆ. ಅದನ್ನು ಪಿ.ಪಿ.ಎಂ. ಲೆಕ್ಕದಲ್ಲಿ, ಹತ್ತು ಲಕ್ಷಕ್ಕೆ ಒಂದು ಪಾಲಿನಂತೆ ಅಳೆಯುತ್ತಾರೆ. ನಿಮ್ಮ ಊರಿನ ಸಾವಿರ ಲೀಟರಿನ ಶೀತಲ ಘಟಕ ತುಂಬಿದ್ದು, ಅದಕ್ಕೆ ಒಂದೇ ಒಂದು ಗ್ರಾಂ ಬಿದ್ದರೆ ಹೆಚ್ಚುಕಡಿಮೆ ಒಂದು ಪಿ.ಪಿ.ಎಂ. ಕಾನೂನಿನ ಗರಿಷ್ಠ ಮಿತಿಗಳು ಎಷ್ಟೋ ಸಲ ಇದಕ್ಕಿಂತ ಬಹಳ ಕೆಳಗಿರುತ್ತವೆ. ಒಬ್ಬರ ಒಂದು ಕ್ಯಾನು ಇಡೀ ಊರಿನ ಹಾಲನ್ನು ಕೆಡಿಸಬಲ್ಲದು.

ಹಿಂದೆ ಉಣ್ಣೆ, ಹೇನು ಸಾಯಲೆಂದು ಬಿ.ಎಚ್.ಸಿ. ಪುಡಿಯನ್ನು ರಾಸುಗಳ ಮೈಗೆ ಉಜ್ಜುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಅದು, ಡಿ.ಡಿ.ಟಿ.ಯಂಥವು ಜಿಡ್ಡಿನಲ್ಲಿ ಕರಗಿ ಕೂರುವ ಜಾತಿಯವು. ನಮಗೆ ದರ ಸಿಗುವುದೂ ಜಿಡ್ಡಿನಿಂದಲೇ ಅಲ್ಲವೇ? ಡಿ.ಡಿ.ಟಿ.ಯನ್ನು ಬೇಸಾಯದಲ್ಲಿ 1989ರಲ್ಲಿ, ಬಿ.ಎಚ್.ಸಿ.ಯನ್ನು 1997ರಲ್ಲಿ ನಿಷೇಧಿಸಲಾಯಿತು. ಅಟ್ಟದ ಮೇಲೆ ಹಳೆಯ ಪೊಟ್ಟಣ ಉಳಿದಿದ್ದರೆ ರಾಸಿನ ಮೈಗೆ ಮುಟ್ಟಿಸಬೇಡಿ.

ಇಲ್ಲಿ ಎರಡು ಮಾತುಗಳನ್ನು ಕಲಿತುಕೊಳ್ಳಿ. ಕಾಯುವ ಅವಧಿ ಎಂದರೆ ಸಿಂಪಡಿಸಿದ ಮೇಲೆ ಕೊಯ್ಲಿಗೆ ಮುಂಚೆ ಬಿಡಬೇಕಾದ ದಿನಗಳು. ಹಾಲು ತಡೆಯುವ ಅವಧಿ ಎಂದರೆ ಕೆಚ್ಚಲುಬಾವಿನ ಟ್ಯೂಬು, ಉಣ್ಣೆಯ ಔಷಧಿ ಮುಂತಾದವನ್ನು ಬಳಸಿದ ಮೇಲೆ ಹಾಲನ್ನು ಸಂಘಕ್ಕೆ ಹಾಕದೆ ಇರಬೇಕಾದ ದಿನಗಳು. ಎರಡೂ ಚೀಟಿಯಲ್ಲೋ ಒಳಗೆ ಮಡಿಚಿಟ್ಟ ಕಾಗದದಲ್ಲೋ ಇರುತ್ತವೆ. ಅಕ್ಷರ ಬಹಳ ಸಣ್ಣದು, ಒಪ್ಪುತ್ತೇನೆ. ಓದಲಾಗದಿದ್ದರೆ ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿ, ಇಲ್ಲವೇ ಸಂಘಕ್ಕೆ ತನ್ನಿ.

ಪ್ರತಿವಿಷ ಎಂಬ ಸಾಲು

ಚೀಟಿಯಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳ ಸಾಲು ಪ್ರತಿವಿಷದ ಸಾಲು. 2018ರ ಡಿಸೆಂಬರ್ 14ರಂದು ನೆರೆಯ ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯ ಮಾರಮ್ಮನ ಗುಡಿಯಲ್ಲಿ ಪ್ರಸಾದ ತಿಂದು 17 ಮಂದಿ ಸತ್ತದ್ದನ್ನು ಮರೆಯುವಂತಿಲ್ಲ. ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು, ಬಹಳ ಮಂದಿಯನ್ನು ಮೈಸೂರಿಗೆ ತಂದರು. ಪ್ರಸಾದದಲ್ಲಿ ಬೆರೆತಿದ್ದುದು ಮಾನೋಕ್ರೊಟೊಫಾಸ್, ನಮ್ಮ ಹೊಲಗಳಲ್ಲಿ ಬಳಕೆಯಲ್ಲಿದ್ದ ಕೀಟನಾಶಕ. ಬೇಕೆಂದೇ ಬೆರೆಸಿದರೆಂಬುದು ಪೊಲೀಸರ ಆರೋಪ. ಅದು ನ್ಯಾಯಾಲಯದ ವಿಷಯ. ನಾವು ಕಲಿಯಬೇಕಾದದ್ದು ಬೇರೆ. ಈ ಕೀಟನಾಶಕ ಆರ್ಗನೋಫಾಸ್ಫೇಟ್ ಎಂಬ ಗುಂಪಿಗೆ ಸೇರಿದ್ದು. ಜೊಲ್ಲು, ಕಣ್ಣೀರು, ನಡುಕ, ಕಿರಿದಾದ ಕಣ್ಣುಪಾಪೆ, ಉಸಿರು ಕಟ್ಟುವುದು ಇದರ ಗುರುತು. ಅಟ್ರೋಪಿನ್ ಮತ್ತು ಪ್ರಾಲಿಡಾಕ್ಸಿಮ್ ಇದಕ್ಕೆ ಕೊಡುವ ಪ್ರತಿವಿಷಗಳು. ಇತರ ಗುಂಪುಗಳ ಚಿಕಿತ್ಸೆ ಬೇರೆ, ಕೆಲವಕ್ಕೆ ಪ್ರತಿವಿಷವೇ ಇಲ್ಲ. ಗುಂಪಿನ ಹೆಸರು ಮೊದಲೇ ತಿಳಿದರೆ ವೈದ್ಯರಿಗೆ ಅರ್ಧ ಗಂಟೆ ಉಳಿಯುತ್ತದೆ. ಆ ಅರ್ಧ ಗಂಟೆಯಲ್ಲೇ ಜೀವ ಇರುತ್ತದೆ.

ಅಂದಹಾಗೆ, ಮಾನೋಕ್ರೊಟೊಫಾಸ್‌ನ ಶೇಕಡ 36ರ ದ್ರಾವಣವನ್ನು ನಿಲ್ಲಿಸುವ ಆದೇಶ 2023ರಲ್ಲಿ ಬಂದಿದೆ. ಭತ್ತಕ್ಕೆ ಹಾಕುತ್ತಿದ್ದ ಫೋರೇಟ್ ಹರಳಿನ ಮಾರಾಟ ಮತ್ತು ಬಳಕೆ 2020ರ ಕೊನೆಗೆ ನಿಂತಿತು. ಹಳೆಯ ದಾಸ್ತಾನು ಯಾರ ಮನೆಯಲ್ಲಿಯೂ ಇರಬಹುದು, ನೋಡಿಕೊಳ್ಳಿ.

ಹೆದ್ದಾರಿಯ ಟ್ಯಾಂಕರು

ಹೆದ್ದಾರಿಯ ಪಕ್ಕದಲ್ಲಿ ರಾಸು ಮೇಯಿಸುವವರಿಗೆ ಒಂದು ಕೊನೆಯ ಮಾತು. ನಂಜನಗೂಡಿನ ಕೈಗಾರಿಕಾ ಪ್ರದೇಶಕ್ಕೂ ಊಟಿ ರಸ್ತೆಗೂ ಟ್ಯಾಂಕರುಗಳು ಓಡಾಡುತ್ತವೆ. ಅಪಾಯಕಾರಿ ಸರಕಿನ ಟ್ಯಾಂಕರಿನ ಮೇಲೆ ಒಂದು ಫಲಕವೂ ನಾಲ್ಕು ಅಂಕಿಯ ಒಂದು ಸಂಖ್ಯೆಯೂ ಇರಬೇಕು. 1830 ಗಂಧಕಾಮ್ಲ, 1824 ಕಾಸ್ಟಿಕ್ ಸೋಡಾ ದ್ರಾವಣ, 1005 ಡೇರಿಗಳಲ್ಲಿ ತಂಪು ಮಾಡಲು ಬಳಸುವ ಅಮೋನಿಯ, 1075 ಅಡುಗೆ ಅನಿಲ. ಟ್ಯಾಂಕರು ಉರುಳಿದರೆ ಕೊಡ ಹಿಡಿದು ಓಡಬೇಡಿ. ದೂರದಿಂದಲೇ ಕಾಣುವಂತಿದ್ದರೆ ಆ ಅಂಕಿಯನ್ನು ಓದಿ 112ಕ್ಕೆ ಹೇಳಿ. ಗಾಳಿ ಟ್ಯಾಂಕರಿನಿಂದ ನಿಮ್ಮ ಕಡೆಗೆ ಬೀಸದಂತೆ ನೋಡಿಕೊಂಡು ರಾಸುಗಳನ್ನು ಹೊಡೆದುಕೊಂಡು ದೂರ ಹೋಗಿ.

ಸಂಘಗಳು ಮಾಡಬಹುದಾದ ಕೆಲಸ

1. ಕೀಟನಾಶಕವನ್ನು ಮನೆಯಲ್ಲಿ ವಿಷ ಎಂದೇ ಕರೆಯಿರಿ. 'ವಿಷ ಹೊಡೆಯಲು ಹೋಗಿದ್ದಾರೆ' ಎಂದರೆ ಮಕ್ಕಳಿಗೂ ತಿಳಿಯುತ್ತದೆ.
2. ಚೀಟಿ ಕಿತ್ತುಹೋಗದಂತೆ ಅದರ ಮೇಲೆ ಪಾರದರ್ಶಕ ಟೇಪು ಅಂಟಿಸಿ. ಬೇರೆ ಬಾಟಲಿಗೆ ಬಗ್ಗಿಸಬೇಡಿ. ಅಂಗಡಿಯ ರಸೀದಿಯನ್ನು ಜೋಪಾನ ಮಾಡಿ.
3. ಬೂಸಾ, ಹಿಂಡಿ, ಹಾಲಿನ ಕ್ಯಾನು ಇರುವ ಕೋಣೆಯಲ್ಲಿ ಡಬ್ಬಿ ಇಡಬೇಡಿ. ಬೀಗ ಹಾಕುವ ಪೆಟ್ಟಿಗೆ ಇರಲಿ.
4. ಸಿಂಪರಣೆಯ ಬಕೆಟ್ಟಿಗೆ ಕೆಂಪು ಬಣ್ಣದ ಪಟ್ಟಿ ಬಳಿಯಿರಿ. ಅದರಲ್ಲಿ ರಾಸುಗಳಿಗೆ ನೀರಿಡಬೇಡಿ. ಪಂಪನ್ನು ಕಾಲುವೆಯಲ್ಲಿ, ಕೆರೆಯಲ್ಲಿ ತೊಳೆಯಬೇಡಿ.
5. ಖಾಲಿ ಡಬ್ಬಿಯನ್ನು ಮತ್ತೆ ಬಳಸಬಾರದು. ಒಡೆದು ಜನವಸತಿಯಿಂದ ದೂರ ಹೂಳಬೇಕೆಂದು ನಿಯಮವೇ ಇದೆ.
6. ಫೋನು ಮಾಡುವಾಗ ಹೇಳಬೇಕಾದದ್ದು ನಾಲ್ಕು: ಡಬ್ಬಿಯ ಹೆಸರು, ತ್ರಿಕೋನದ ಬಣ್ಣ, ಎಷ್ಟು ಹೊತ್ತಾಯಿತು, ರಾಸು ಏನು ಮಾಡುತ್ತಿದೆ. ರಾಸುಗಳಿಗೆ 1962, ಮನುಷ್ಯರಿಗೆ 108. ಇದನ್ನು ಸಂಘದ ಗೋಡೆಯ ಮೇಲೆ ದೊಡ್ಡದಾಗಿ ಬರೆಸಿ.

ಕಾರ್ಯದರ್ಶಿಗಳಲ್ಲಿ ನನ್ನ ಕೋರಿಕೆ ಒಂದಿದೆ. ಮುಂದಿನ ಸಭೆಗೆ ಪ್ರತಿ ಸದಸ್ಯರೂ ಮನೆಯಲ್ಲಿರುವ ಡಬ್ಬಿಗಳ ಹೆಸರನ್ನೂ ಬಣ್ಣವನ್ನೂ ಒಂದು ಚೀಟಿಯಲ್ಲಿ ಬರೆದು ತರಲಿ. ಡಬ್ಬಿಗಳನ್ನು ತರುವುದು ಬೇಡ. ಬರೆಯಲು ಹೊರಟಾಗಲೇ ಎಷ್ಟು ಡಬ್ಬಿಗಳಿಗೆ ಚೀಟಿ ಇಲ್ಲವೆಂದು ಗೊತ್ತಾಗುತ್ತದೆ. ಚೀಟಿ ಇಲ್ಲದ ಡಬ್ಬಿಯನ್ನು ಯಾವ ಬೆಳೆಗೂ ಬಳಸದೆ ಬೀಗದೊಳಗಿಟ್ಟು ಕೃಷಿ ಇಲಾಖೆಯವರನ್ನು ಕೇಳಿ.

ನಾನೂ ಅಂದಿನಿಂದ ಒಂದು ರೂಢಿ ಮಾಡಿಕೊಂಡಿದ್ದೇನೆ. ಔಷಧಿ ಎಂದು ಯಾರು ಫೋನು ಮಾಡಿದರೂ ಮೊದಲು "ಕುಡಿಸುವ ಔಷಧಿಯೋ, ಹೊಡೆಯುವ ಔಷಧಿಯೋ?" ಎಂದು ಕೇಳುತ್ತೇನೆ. ನೀವು ನಾನು ಕೇಳುವ ಮುಂಚೆಯೇ ಹೇಳಿಬಿಡಿ.